ತರಬೇತಿಯ ಖರ್ಚು ಉಳಿಯಿತು, ಅಕ್ಕನ ಮನೆ ಕಾಲುವೆಗೆ ಬಿತ್ತು

ಮಾನ್ಯ ನಗರಸಭಾ ಆಯುಕ್ತರೇ,

ಮೊದಲಿಗೆ ಅಭಿನಂದನೆ. ನಿಮ್ಮ ಕಚೇರಿಯ ಹನ್ನೆರಡು ಜನ ಸಿಬ್ಬಂದಿಗೆ ನಕ್ಷೆಯ ತಂತ್ರಾಂಶ ಬಳಸುವುದನ್ನು ಕಲಿಸಲು ಆಗಬೇಕಿದ್ದ ಖರ್ಚನ್ನು ನೀವು ಪೂರ್ತಿಯಾಗಿ ಉಳಿಸಿದ್ದೀರಿ. ಅದರ ಫಲವಾಗಿ ನನ್ನ ಅಕ್ಕನ ಮನೆ, ಇಪ್ಪತ್ತೆರಡು ವರ್ಷದಿಂದ ಕಲ್ಲಿನ ತಳಪಾಯದ ಮೇಲೆ ಕದಲದೆ ನಿಂತಿರುವ ಮನೆ, ಈಗ ನಿಮ್ಮ ನಕ್ಷೆಯಲ್ಲಿ ಮಳೆನೀರು ಕಾಲುವೆಯ ನಟ್ಟನಡುವೆ ಇದೆ. ಕಾಲುವೆಯನ್ನು ಒತ್ತುವರಿ ಮಾಡಿ ಕಟ್ಟಿದ ಸದರಿ ಕಟ್ಟಡವನ್ನು ಮೂವತ್ತು ದಿನಗಳೊಳಗೆ ತೆರವು ಮಾಡತಕ್ಕದ್ದು, ತಪ್ಪಿದಲ್ಲಿ ನಗರಸಭೆಯಿಂದಲೇ ಕೆಡವಲಾಗುವುದು ಎಂದು ನೋಟಿಸು ಬಂದಿದೆ. ಮೂವತ್ತರಲ್ಲಿ ಹನ್ನೊಂದು ದಿನವನ್ನು ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಕಳೆದೆ. ಉಳಿದಿರುವುದು ಹತ್ತೊಂಬತ್ತು. ಇದನ್ನು ಲಕೋಟೆಯಲ್ಲಿ ಹಾಕದೆ ಪತ್ರಿಕೆಗೆ ಕೊಡುತ್ತಿರುವುದಕ್ಕೆ ಕಾರಣವಿದೆ. ಲಕೋಟೆಗಳು ನಿಮ್ಮ ಟಪಾಲು ಮೇಜಿನ ಮೇಲೆ ಏನಾಗುತ್ತವೆ ಎಂಬುದನ್ನು ಆ ಬೆಂಚಿನಿಂದಲೇ ನೋಡಿದ್ದೇನೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಔಷಧಿ ಅಂಗಡಿಯ ಮಹಡಿಯ ಮೇಲೆ ಮೂವತ್ತೊಂದು ವರ್ಷ ಟೈಪಿಂಗ್ ಕಲಿಸಿದವಳು. ಮೊದಲು ಹದಿನಾಲ್ಕು ಟೈಪ್‌ರೈಟರ್, ಕೊನೆಯ ಒಂಬತ್ತು ವರ್ಷ ಹದಿನಾಲ್ಕು ಕಂಪ್ಯೂಟರ್. ಹಾಗಾಗಿ, ಈ ಮುದುಕಿಗೆ ಹೊಸ ಯಂತ್ರ ಕಂಡರೆ ಆಗುವುದಿಲ್ಲ ಎಂದು ಕೈತೊಳೆದುಕೊಳ್ಳುವ ದಾರಿ ನಿಮಗಿಲ್ಲ. ನಿಮ್ಮ ಕಚೇರಿಯಲ್ಲಿ ಈಗ ಕೂತಿರುವ ಗುಮಾಸ್ತರಲ್ಲಿ ಏಳು ಜನ ನನ್ನ ಶಿಷ್ಯರು. ಅವರಲ್ಲಿ ಯಾರ ಕಿರುಬೆರಳು ಸೋಮಾರಿ, ಯಾರು ಕೀಲಿಮಣೆ ನೋಡದೆ ಹೊಡೆಯಬಲ್ಲರು ಎಂಬುದೂ ನನಗೆ ಗೊತ್ತು.

ಇನ್ನು ನೀವು ಕೆಡವಲು ಹೊರಟಿರುವ ಮನೆಯ ವಿಚಾರ. ಅಕ್ಕ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ರಾತ್ರಿ ಪಾಳಿ, ಹಗಲು ಪಾಳಿ ಎನ್ನದೆ ದುಡಿದು ಕಟ್ಟಿಸಿದ ಮೂರು ಕೋಣೆಯ ಮನೆ ಅದು. ಭಾವ ಒಂದು ಯಂತ್ರದ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದವರು, ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲೇ ಹೇಳುತ್ತಿದ್ದವರು. ಆರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತೆಗೆದುಕೊಂಡಿತು. ಮೊದಲ ವರ್ಷ ಅವರು ಮಂಚದಿಂದ ಇಳಿಯಲಿಲ್ಲ. ಅಕ್ಕ ಒಳ್ಳೆಯ ಮಡಚುವ ಕೋಲೊಂದನ್ನು ತರಿಸಿಕೊಟ್ಟಳು. ಅದು ಎಂಟು ತಿಂಗಳು ಬಾಗಿಲ ಹಿಂದೆ ಒರಗಿಕೊಂಡಿತ್ತು. ಭಾವ ಒಂದು ಸಲ ಹಿಡಿದು ನಡೆಯಲು ಹೋಗಿ ನೀರಿನ ಡ್ರಮ್ಮಿಗೆ ಡಿಕ್ಕಿ ಹೊಡೆದು ಅದನ್ನು ಬಿಸಾಡಿಬಿಟ್ಟಿದ್ದರು.

ಆಮೇಲೆ ಬಂದಳು ಕೋಲಿನಲ್ಲಿ ನಡೆಯುವುದನ್ನು ಕಲಿಸುವ ಟೀಚರು. ವಾರಕ್ಕೆ ಎರಡು ದಿನ, ಐದು ತಿಂಗಳು. ಆಕೆಗೆ ಕೊಟ್ಟದ್ದು ಕೋಲಿನ ಬೆಲೆಯ ಎಷ್ಟೋ ಪಟ್ಟು. ಅಕ್ಕ ಯೋಚಿಸಲಿಲ್ಲ. ಮಂಚದಿಂದ ಬಚ್ಚಲಿಗೆ ಹದಿಮೂರು ಹೆಜ್ಜೆ, ಅಡುಗೆಮನೆಗೆ ಒಂಬತ್ತು, ಎರಡನೇ ಬಾಗಿಲ ಹೊಸ್ತಿಲು ಒಂದು ಬೆರಳು ಎತ್ತರ, ಕಿಟಕಿಯ ಮೂಲೆಯಲ್ಲಿ ತಲೆ ತಗ್ಗಿಸಬೇಕು. ಇದನ್ನೆಲ್ಲ ಭಾವ ಕೈಯಿಂದ, ಪಾದದಿಂದ, ಮೊಣಕಾಲಿನ ಗಾಯದಿಂದ ಕಲಿತರು. ಇವತ್ತು ಅವರು ತಾವೇ ಎದ್ದು, ತಾವೇ ಸ್ನಾನ ಮಾಡಿ, ಇಬ್ಬರಿಗೂ ಟೀ ಮಾಡಿ, ಅಕ್ಕನನ್ನು ಎಬ್ಬಿಸುತ್ತಾರೆ. ಆ ನಾಲ್ಕು ಗೋಡೆಯೊಳಗೆ ಅವರು ಕುರುಡರಲ್ಲ. ಹೊರಗೆ ಕಾಲಿಟ್ಟರೆ ಮಗುವಿನ ಹಾಗೆ ಕೈ ಹಿಡಿಯಬೇಕು. ನೀವು ಕೆಡವಿದರೆ ಅವರಿಗೆ ಹೋಗುವುದು ಬರೀ ಇಟ್ಟಿಗೆಯಲ್ಲ ಸ್ವಾಮಿ, ಎದ್ದು ಓಡಾಡುವ ಸ್ವಾತಂತ್ರ್ಯ. ಅರವತ್ತೊಂಬತ್ತನೇ ವಯಸ್ಸಿನಲ್ಲಿ ಅದನ್ನು ಮತ್ತೆ ಕಲಿಯುವ ಶಕ್ತಿ ಅವರಿಗಿಲ್ಲ ಎಂದು ಆ ಟೀಚರೇ ನನ್ನ ಹತ್ತಿರ ಹೇಳಿದ್ದಾಳೆ.

ನೋಟಿಸನ್ನು ಮೊದಲು ಕಂಡುಹಿಡಿದದ್ದೂ ಭಾವನೇ. ಬೆಳಗ್ಗೆ ಬಾಗಿಲು ತೆಗೆಯುವಾಗ ಚೌಕಟ್ಟು ಸವರುವುದು ಅವರ ರೂಢಿ. ಬೆರಳಿಗೆ ಕಾಗದ ಸಿಕ್ಕಿತು, ಅಂಟು ಇನ್ನೂ ಹಸಿಯಾಗಿತ್ತು. ಏನಿದು ಎಂದು ಕೇಳಿದರು. ಅಕ್ಕ ಓದಿಕೊಂಡಳು, ಕರೆಂಟು ತೆಗೆಯುತ್ತಾರಂತೆ, ಕಂಬದ ರಿಪೇರಿ ಎಂದಳು. ನಲವತ್ತು ವರ್ಷದ ಸಂಸಾರದಲ್ಲಿ ಗಂಡನಿಗೆ ಒಂದು ಸುಳ್ಳನ್ನೂ ಹೇಳದ ಹೆಂಗಸಿನ ಬಾಯಲ್ಲಿ ಸುಳ್ಳು ಹೇಳಿಸಿದ ಕೀರ್ತಿಯೂ ನಿಮ್ಮ ಕಚೇರಿಗೇ ಸೇರಬೇಕು. ಮಧ್ಯಾಹ್ನ ಅವಳು ಆ ಕಾಗದವನ್ನು ಚೀಲದಲ್ಲಿಟ್ಟುಕೊಂಡು ನನ್ನ ಮನೆಗೆ ಬಂದಳು, ಕೂತಳು, ನೀರು ಕುಡಿದಳು, ಆಮೇಲೆ ಅತ್ತಳು.

ಇಲ್ಲೊಂದು ಸಣ್ಣ ಪ್ರಶ್ನೆ. ಮನೆ ಕಾಲುವೆಯಲ್ಲಿದೆ ಎಂದಾದರೆ ನಿಮ್ಮ ಜವಾನ ನೋಟಿಸು ಅಂಟಿಸಲು ಈಜಿಕೊಂಡು ಹೋಗಬೇಕಿತ್ತಲ್ಲವೇ? ಪುಣ್ಯಾತ್ಮ ಸೀದಾ ನಡೆದು ಬಂದಿದ್ದಾನೆ, ಕಾಲುವೆಯಿಂದ ಎಂಬತ್ತು ಮೀಟರ್ ಈಚೆಗೆ, ಒಣಗಿದ ರಸ್ತೆಯಲ್ಲಿ, ಚಪ್ಪಲಿಗೆ ಕೆಸರೂ ಆಗದ ಹಾಗೆ. ಮೂವತ್ತು ವರ್ಷ ತೆರಿಗೆ ಚೀಟಿ ಹಂಚಿದ ಕಾಲುಗಳಿಗೆ ಮನೆ ಎಲ್ಲಿದೆ ಎಂದು ಗೊತ್ತು. ಗೊತ್ತಿಲ್ಲದಿರುವುದು ನಕ್ಷೆಗೆ. ಮನೆಯ ಬಾಗಿಲಲ್ಲಿ ನಿಂತು, ಈ ಮನೆ ಇಲ್ಲಿಲ್ಲ ಎಂಬ ಕಾಗದವನ್ನು ಅದೇ ಬಾಗಿಲಿಗೆ ಅಂಟಿಸಿ ಹೋಗುವಾಗ ಅವನಿಗೆ ನಗು ಬರಲಿಲ್ಲವೇ ಎಂದು ನಾನು ಕೇಳಿದೆ. ಬಂತಂತೆ. ಆದರೆ ಅಂಟಿಸಲು ಹೇಳಿದ್ದರೇ ಹೊರತು ನೋಡಲು ಹೇಳಿರಲಿಲ್ಲವಂತೆ.

ಮರುದಿನ ನಿಮ್ಮ ನಕ್ಷೆ ವಿಭಾಗಕ್ಕೆ ಬಂದೆ. ಎಂಥ ಕೋಣೆ! ಗಾಜಿನ ಗೋಡೆ, ತಣ್ಣನೆಯ ಗಾಳಿ, ಗೋಡೆಯಗಲದ ಪರದೆ, ಚಕ್ರದ ಕುರ್ಚಿ, ಚಪ್ಪಲಿ ಬಿಡಲು ಒಂದು ಗೂಡು. ಪಕ್ಕದ ಜನನ-ಮರಣ ವಿಭಾಗದಲ್ಲಿ ಫ್ಯಾನಿನ ಒಂದು ರೆಕ್ಕೆ ಮುರಿದಿದೆ, ಅದು ಬೇರೆ ಮಾತು. ಪರದೆಯ ಮುಂದೆ ಮೂವರು ನಿಂತಿದ್ದರು. ಒಬ್ಬ ಗುಂಡಿ ಒತ್ತುವವನು, ಒಬ್ಬ ಹಾಗಲ್ಲ ಎನ್ನುವವನು, ಇನ್ನೊಬ್ಬ ಮುಟ್ಟಬೇಡ ಎನ್ನುವವನು. ಅಕ್ಕನ ಮನೆಯ ನಂಬರು ನಲವತ್ತೇಳು ಎಂದೆ. ಊರೆಲ್ಲ ಒಮ್ಮೆ ಮಾಯವಾಯಿತು, ತಲೆಕೆಳಗಾಯಿತು, ಮತ್ತೆ ಬಂತು. ಕೊನೆಗೆ ನೀಲಿ ಗೆರೆಯ ನಡುವೆ ಕೆಂಪು ಚುಕ್ಕೆಯೊಂದನ್ನು ತೋರಿಸಿದರು. ಅದು ಕಾಲುವೆಯಂತೆ, ಚುಕ್ಕೆ ನನ್ನ ಅಕ್ಕನಂತೆ. ಅಪ್ಪಾ, ನಿನ್ನೆ ಸಂಜೆ ಆ ಮನೆಯಲ್ಲೇ ಊಟ ಮಾಡಿದ್ದೇನೆ, ಬಟ್ಟೆ ಒದ್ದೆಯಾಗಿಲ್ಲ ಎಂದೆ. ಗುಂಡಿ ಒತ್ತುತ್ತಿದ್ದ ಕಿರಿಯ ಎಂಜಿನಿಯರ್ ಬಹಳ ಮರ್ಯಾದೆಯಿಂದ, "ಇರಬಹುದು ಮೇಡಂ, ಆದ್ರೆ ಮ್ಯಾಪಲ್ಲಿ ಹೀಗೇ ಇದೆ" ಎಂದ. ಬಂದು ಒಮ್ಮೆ ನೋಡಬಹುದಲ್ಲ, ನಡೆದರೆ ಹತ್ತು ನಿಮಿಷ ಎಂದೆ. ನಕ್ಷೆ ಬಂದ ಮೇಲೆ ಸ್ಥಳ ಪರಿಶೀಲನೆ ನಿಲ್ಲಿಸಲು ಸುತ್ತೋಲೆ ಬಂದಿದೆ ಎಂದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ನಿಮ್ಮ ಕಚೇರಿಯಲ್ಲಿ ಕನ್ನಡಿ ಮಾತ್ರ ಉಂಟು, ಅಂಗೈ ನೋಡುವುದಕ್ಕೆ ಸುತ್ತೋಲೆ ಅಡ್ಡ.

ಇಷ್ಟಾಗಿ ಆ ಹುಡುಗರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಕೀಲಿಮಣೆಯ ಮೇಲೆ ಬೆರಳಿಡುವ ರೀತಿಯಲ್ಲೇ ಗೊತ್ತಾಯಿತು, ಯಾರೂ ಕಲಿಸಿಲ್ಲ ಎಂದು. ಕಲಿಯದವನು ಯಂತ್ರ ಮುಟ್ಟುವಾಗ ಭುಜ ಮೇಲಕ್ಕೆ ಹೋಗುತ್ತದೆ, ಉಸಿರು ಹಿಡಿಯುತ್ತಾನೆ. ಮೂವತ್ತೊಂದು ವರ್ಷ ಅಂಥ ಭುಜಗಳನ್ನು ಕೆಳಗಿಳಿಸುವುದೇ ನನ್ನ ಕೆಲಸವಾಗಿತ್ತು.

ಹೇಗೂ ಬೆಂಚಿನ ಮೇಲೆ ಕೂರಬೇಕು, ಸಭಾ ನಡಾವಳಿ ಪುಸ್ತಕವನ್ನು ಯಾರು ಬೇಕಾದರೂ ಓದಬಹುದು ಎಂದು ಫಲಕ ಹಾಕಿದ್ದೀರಿ. ಓದಿದೆ. ಹಾಗೆ ನಿಜವಾಗಿ ಓದಿದವಳು ನಾನೇ ಮೊದಲಿರಬೇಕು, ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕಳೆದ ವರ್ಷದ ನಡಾವಳಿಯಲ್ಲಿ ಎಲ್ಲ ಇದೆ. ತಂತ್ರಾಂಶ ಮಾರಿದ ಕಂಪನಿಯೇ ಹೇಳಿದೆ: ಹನ್ನೆರಡು ಜನಕ್ಕೆ ಹತ್ತು ದಿನದ ತರಬೇತಿ ಕಡ್ಡಾಯವಾಗಿ ಬೇಕು, ಅದಕ್ಕೆ ಇಷ್ಟು ಶುಲ್ಕ. ಆ ಶುಲ್ಕ ತಂತ್ರಾಂಶದ ಬೆಲೆಯ ಒಂಬತ್ತರಲ್ಲಿ ಒಂದು ಭಾಗವೂ ಇಲ್ಲ. ಗಾಜಿನ ಗೋಡೆಗೆ ಆದ ಖರ್ಚಿಗಿಂತ ಕಡಿಮೆ. ಅದರ ಕೆಳಗೆ ತಮ್ಮ ಅಪ್ಪಣೆ: "ಮೂಗಿಗಿಂತ ಮೂಗುತಿ ಭಾರವಾಗಬಾರದು. ಇಂದಿನ ಸಿಬ್ಬಂದಿ ಎಲ್ಲರೂ ಮೊಬೈಲ್ ಬಳಸುವವರೇ ಆಗಿದ್ದು, ಕೈಪಿಡಿ ಓದಿ ಕಲಿಯಬಹುದಾಗಿದೆ. ತರಬೇತಿ ವೆಚ್ಚವನ್ನು ಅನಗತ್ಯವೆಂದು ಕೈಬಿಡಲಾಗಿದೆ." ಗಾದೆ ಚೆನ್ನಾಗಿದೆ ಆಯುಕ್ತರೇ. ಆದರೆ ಇಲ್ಲಿ ಮೂಗು ಯಾವುದು, ಮೂಗುತಿ ಯಾವುದು? ಕೆಲಸ ಮಾಡುವ ಜನ ಮೂಗುತಿಯೇ? ಹಾಗಾದರೆ ಆ ಗಾಜು, ಆ ತಂಗಾಳಿ ಯಾವ ಅಂಗ? ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದವರ ಕತೆಯನ್ನು ನಿಮಗೆ ಯಾರೂ ಹೇಳಿಲ್ಲವೇ?

ಕೈಪಿಡಿಯನ್ನೂ ನೋಡಿದೆ. ಮುನ್ನೂರು ಚಿಲ್ಲರೆ ಪುಟ, ಸಿಬ್ಬಂದಿಯಲ್ಲಿ ಯಾರ ಮನೆಮಾತೂ ಅಲ್ಲದ ಭಾಷೆ, ಇರುವುದು ಒಂದೇ ಪ್ರತಿ. ಕಳೆದುಹೋದೀತೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಬೀಗದ ಕೈ ಇರುವ ಮೇಲ್ವಿಚಾರಕರು ಅರ್ಧ ದಿನ ಇನ್ನೊಂದು ಕಚೇರಿಯಲ್ಲಿರುತ್ತಾರೆ. ಈಜು ಕಲಿಯುವ ಪುಸ್ತಕವನ್ನು ಬೀರುವಿನಲ್ಲಿಟ್ಟು ಜನರನ್ನು ಬಾವಿಗೆ ತಳ್ಳುವುದು ಎಂದರೆ ಇದೇ.

ಹೌದು, ಒಂದು ದಿನದ ಪರಿಚಯ ಕಾರ್ಯಕ್ರಮ ನಡೆಸಿದ್ದೀರಿ, ಮರೆತಿಲ್ಲ. ಅದರ ಫೋಟೋ ನಿಮ್ಮ ಕೋಣೆಯ ಹೊರಗೆ ತೂಗಿದೆ. ತೊಂಬತ್ತು ಜನ ಸಭಾಂಗಣದಲ್ಲಿ ಕೂತಿದ್ದರಂತೆ, ಅದರಲ್ಲಿ ಕಸದ ಗಾಡಿಯ ಚಾಲಕರೂ ಇದ್ದರಂತೆ, ಕುರ್ಚಿ ತುಂಬಬೇಕಿತ್ತಲ್ಲ. ನಾಲ್ಕು ಭಾಷಣವಾಯಿತು. ತಂತ್ರಾಂಶ ತೆರೆಯುವ ಹೊತ್ತಿಗೆ ಊಟದ ಸಮಯವಾಯಿತು. ಊಟದ ನಂತರ ಪ್ರಮಾಣಪತ್ರ ಹಂಚಿದರು. ಹನ್ನೆರಡು ಜನರೂ ಪಾಸು! ನನ್ನ ಕ್ಲಾಸಿನಲ್ಲಿ ಆರು ತಿಂಗಳು ಹೊಡೆದರೂ ನಿಮಿಷಕ್ಕೆ ಮೂವತ್ತು ಪದ ದಾಟದವರಿಗೆ ನಾನು ಸಹಿ ಹಾಕಿದವಳಲ್ಲ. ನೀವು ಉದಾರಿಗಳು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಮನೆ ಕಾಲುವೆಗೆ ಬಿದ್ದದ್ದು ಹೇಗೆ ಎಂಬುದಕ್ಕೆ. ಏಳನೇ ದಿನ ಸಂಜೆ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ನಿಮ್ಮ ಕಚೇರಿಯಲ್ಲಿ ಅವನನ್ನು ದುಂಡಕ್ಷರ ಎಂದೇ ಕರೆಯುತ್ತಾರೆ, ಅಷ್ಟು ಚೆಂದದ ಬರವಣಿಗೆ. ಇಪ್ಪತ್ನಾಲ್ಕು ವರ್ಷ ವಾರ್ಡಿನ ಮನೆಗಳ ಪುಸ್ತಕ ಬರೆದವನು, ಒಂದು ಕಡೆಯೂ ಕಾಟು ಹೊಡೆದಿಲ್ಲ. ಬಂದವನು ಕೂರಲೇ ಇಲ್ಲ. ಬಾಗಿಲ ಹತ್ತಿರ ನಿಂತೇ, ನಲವತ್ತೇಳನೇ ಮನೆ ನಿಮ್ಮ ಅಕ್ಕನದು ಅಂತ ಇವತ್ತೇ ಗೊತ್ತಾಯಿತು ಎಂದ. ಆಮೇಲೆ ಒಂದೊಂದಾಗಿ ಹೇಳಿದ.

ನಕ್ಷೆಯ ಉದ್ಘಾಟನೆಗೆ ಎರಡು ದಿನ ಮೊದಲು, ಕಚೇರಿಯ ಬಾಗಿಲಲ್ಲಿ ತೂಗುಹಾಕಲು ದೊಡ್ಡದೊಂದು ಪ್ರತಿ ತೆಗೆಯಲು ಅವನಿಗೆ ಹೇಳಿದರಂತೆ. ನೀಟಾಗಿರಬೇಕು, ದೊಡ್ಡವರು ಬರುತ್ತಾರೆ ಎಂದು ತಾಕೀತು. ಅಕ್ಕನ ಬೀದಿಯಲ್ಲಿ ಮನೆಗಳು ಇಕ್ಕಟ್ಟು. ಅಚ್ಚಾಗಿ ಬಂದ ಹಾಳೆಯಲ್ಲಿ ನಂಬರುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು, ಯಾವುದೂ ಓದಲು ಬರುತ್ತಿರಲಿಲ್ಲ. ಕಾಗದದ ನಕ್ಷೆಯಲ್ಲಾದರೆ ಅವನಿಗೆ ಅದು ಸಮಸ್ಯೆಯೇ ಅಲ್ಲ. ಜಾಗ ಸಾಲದಿದ್ದರೆ ನಂಬರನ್ನು ಪಕ್ಕದ ಖಾಲಿ ಜಾಗದಲ್ಲಿ ದುಂಡಗೆ ಬರೆಯುವುದು, ಅಲ್ಲಿಂದ ಮನೆಗೆ ಸಣ್ಣ ಗೆರೆ ಎಳೆಯುವುದು. ಇಪ್ಪತ್ನಾಲ್ಕು ವರ್ಷ ಹಾಗೇ ಮಾಡಿದ್ದ. ಇಲ್ಲೂ ಹಾಗೇ ಮಾಡಿದ. ಪರದೆಯ ಮೇಲೆ ಒಂದೊಂದು ಚುಕ್ಕೆಯನ್ನೂ ಹಿಡಿದು, ಖಾಲಿ ಜಾಗಕ್ಕೆ ಎಳೆದು, ಅಂದವಾಗಿ ಬಿಡಿಬಿಡಿಯಾಗಿ ಜೋಡಿಸಿದ. ಅರವತ್ಮೂರು ಮನೆ. ಎರಡು ದಿನ ಊಟಕ್ಕೂ ಏಳಲಿಲ್ಲವಂತೆ. ಸೈಕಲ್ ಅಂಗಡಿಯವನ ಮನೆ ರಸ್ತೆ ನಡುವೆ ಹೋಯಿತು. ಹಿಟ್ಟಿನ ಗಿರಣಿಯವನು ಶಾಲೆಯ ಮೈದಾನಕ್ಕೆ ಹೋದ. ಖಾಲಿ ಜಾಗವೆಂದರೆ ಆ ಕಡೆ ಕಾಲುವೆಯೇ ಧಾರಾಳವಾಗಿತ್ತು, ನಲವತ್ತೇಳನ್ನು ಅಲ್ಲಿಟ್ಟ. ಚೆನ್ನಾಗಿ ಕಾಣುತ್ತಿತ್ತಂತೆ, ನೀಲಿಯ ಮೇಲೆ ಕೆಂಪು. ಕಳೆದ ತಿಂಗಳು, ಕಾಲುವೆಯೊಳಗೆ ಬೀಳುವ ಮನೆಗಳನ್ನೆಲ್ಲ ಪಟ್ಟಿಮಾಡು ಎಂದು ಯಂತ್ರಕ್ಕೆ ಹೇಳಿದಾಗ ಅದು ನಿಷ್ಠೆಯಿಂದ ಒಂದೇ ಒಂದು ಮನೆ ಹೆಕ್ಕಿ ಕೊಟ್ಟಿತು.

"ಮೇಡಂ, ನಾನು ನಂಬರ್ ಸರಿಸಿದ್ದು. ಅದರ ಜೊತೆ ಮನೇನೂ ಸರಿಯುತ್ತೆ ಅಂತ ನನಗೆ ಯಾರೂ ಹೇಳಿಕೊಡ್ಲಿಲ್ಲ."

ಅವನ ಮಾತು ಇಷ್ಟೇ. ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ಕೊಡಿ. ಹತ್ತು ದಿನದ ತರಬೇತಿಯಲ್ಲಿ ಮೊದಲ ದಿನ, ಮೊದಲ ಗಂಟೆಯಲ್ಲಿ ಹೇಳುವ ಸಂಗತಿಯಂತೆ ಅದು: ಇಲ್ಲಿ ಚುಕ್ಕೆಯೇ ಮನೆ, ಎಳೆಯಬೇಡಿ. ಆ ಒಂದು ಗಂಟೆಯನ್ನು ನೀವು ಉಳಿಸಿದಿರಿ.

ಮಾತು ಬಂದದ್ದಕ್ಕೆ ನನ್ನ ಪಾಲಿನದನ್ನೂ ಒಪ್ಪಿಕೊಳ್ಳುತ್ತೇನೆ. ಅಕ್ಷರದ ಮೇಲೆ ಅಕ್ಷರ ಬಿದ್ದರೆ ಇಡೀ ಹಾಳೆ ಹರಿದುಹಾಕಿ ಮೊದಲಿನಿಂದ ಹೊಡೆಸುತ್ತಿದ್ದವಳು ನಾನು. ಅವನಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ ಒಂದೇ ದಿನ ಹನ್ನೊಂದು ಹಾಳೆ ಹರಿದಿದ್ದೇನೆ. ಒಂದರ ಮೇಲೊಂದು ಬಿದ್ದದ್ದು ಕಂಡರೆ ಅವನ ಕೈ ಸುಮ್ಮನಿರಲಾರದು, ಅದು ನಾನು ಹಾಕಿಕೊಟ್ಟ ಅಭ್ಯಾಸ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಪಾಠ ಸರಿಯಾಗಿ ಕಲಿತವನ ಕೈಯಿಂದಲೇ ನನ್ನ ಅಕ್ಕನ ಮನೆ ಹೋಯಿತಲ್ಲ ಎಂದು ಸಂಕಟವಾಯಿತು. ಆದರೆ ನಾನು ಕಲಿಸಿದ್ದು ಕಾಗದದ ವಿದ್ಯೆ. ಯಂತ್ರ ಬದಲಾದಾಗ ಕೈಗೆ ಹೊಸ ಪಾಠ ಬೇಕು. ಟೈಪ್‌ರೈಟರಿನಿಂದ ಕಂಪ್ಯೂಟರಿಗೆ ಬಂದಾಗ ನಾನೇ ಐವತ್ತೊಂದನೇ ವಯಸ್ಸಿನಲ್ಲಿ ಸಣ್ಣ ಹುಡುಗರ ಪಕ್ಕ ಕೂತು ಮೂರು ತಿಂಗಳು ಕಲಿತೆ, ನಾಚಿಕೆಪಡಲಿಲ್ಲ.

ಹಾಗಾದರೆ ಚುಕ್ಕೆಯನ್ನು ಹಿಂದಕ್ಕೆ ಎಳೆದುಬಿಡು, ಮುಗಿಯಿತಲ್ಲ ಎಂದೆ ಅವನಿಗೆ. ಆಗುವುದಿಲ್ಲವಂತೆ. ಉದ್ಘಾಟನೆಯ ದಿನವೇ ನಕ್ಷೆಗೆ ಬೀಗಮುದ್ರೆಯಾಗಿದೆ. ಇನ್ನು ತಿದ್ದುವ ಅಧಿಕಾರ ತರಬೇತಿ ಮುಗಿಸಿದ ನೌಕರರಿಗೆ ಮಾತ್ರ ಎಂದು ಕಂಪನಿಯ ನಿಯಮ. ಅಂಥ ನೌಕರರು ಊರಲ್ಲಿ ಎಷ್ಟು ಜನ? ಸೊನ್ನೆ. ಊಟದ ನಂತರ ಹಂಚಿದ ಪ್ರಮಾಣಪತ್ರ ಅವರಿಗೆ ನಡೆಯುವುದಿಲ್ಲವಂತೆ, ಎಂಥ ಅವಮಾನ! ಕಂಪನಿಯವರೇ ಬಂದು ತಿದ್ದಬೇಕೆಂದರೆ ಒಂದು ಭೇಟಿಗೆ ಇಷ್ಟೆಂದು ಪ್ರತ್ಯೇಕ ಶುಲ್ಕ, ಅದಕ್ಕೆ ಸಭೆಯ ಒಪ್ಪಿಗೆ, ಸಭೆ ಮುಂದಿನ ತಿಂಗಳು. ಅಷ್ಟರಲ್ಲಿ ನಮ್ಮ ಮೂವತ್ತು ದಿನ ಮುಗಿದಿರುತ್ತದೆ. ದುಂಡಕ್ಷರ ತನ್ನ ತಪ್ಪನ್ನು ಮೇಲ್ವಿಚಾರಕರಿಗೆ ಆಗಲೇ ಹೇಳಿದ್ದಾನೆ. ಅವರು, ಬಾಯಿ ಮುಚ್ಚಿಕೊಂಡಿರು, ಬಾಗಿಲಲ್ಲಿರುವ ಆ ಪ್ರತಿಯ ಕೆಳಗೆ ಸಾಹೇಬರ ಸಹಿ ಇದೆ ಎಂದರಂತೆ. ನಾನು ಹೋಗಿ ನೋಡಿದೆ. ಹೌದು, ಖುದ್ದಾಗಿ ಪರಿಶೀಲಿಸಲಾಗಿದೆ ಎಂದು ಬರೆದು ಕೆಳಗೆ ತಮ್ಮ ಸಹಿ ಇದೆ. ಯಾವುದನ್ನು ಪರಿಶೀಲಿಸಿದಿರಿ? ಚೌಕಟ್ಟನ್ನೇ?

ಒಂಬತ್ತನೇ ದಿನ ತಾವು ದರ್ಶನ ಕೊಟ್ಟಿರಿ. ತಾವು ಒರಟಾಗಿ ನಡೆದುಕೊಂಡಿರಿ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೂರಲು ಹೇಳಿದಿರಿ, ಟೀ ತರಿಸಿದಿರಿ. ತಿದ್ದುಪಡಿಗೆ ಅರ್ಜಿ ಕೊಡಿ, ಮನೆ ಇರುವ ಸ್ಥಳದ ದೃಢೀಕೃತ ನಕ್ಷೆ ಲಗತ್ತಿಸಿ ಎಂದಿರಿ. ದೃಢೀಕೃತ ನಕ್ಷೆ ಎಲ್ಲಿ ಸಿಗುತ್ತದೆ ಎಂದೆ. ಗಾಜಿನ ಕೋಣೆಯಲ್ಲಿ ಎಂದಿರಿ. ಅದರಲ್ಲಿ ಮನೆ ಕಾಲುವೆಯಲ್ಲೇ ಇರುತ್ತದಲ್ಲ ಎಂದೆ. ತಾವು ಟೀ ಲೋಟವನ್ನು ನನ್ನತ್ತ ಸರಿಸಿದಿರಿ. ತರಬೇತಿಯ ಮಾತೆತ್ತಿದಾಗ, ಖರ್ಚು ಮಾಡಿ ಕಲಿಸಿದರೆ ಆಮೇಲೆ ವರ್ಗವಾಗಿ ಹೊರಟುಹೋಗುತ್ತಾರೆ, ನಷ್ಟ ನಮಗೆ ಎಂದಿರಿ. ತಾವೂ ವರ್ಗವಾಗಿ ಹೋಗುವವರೇ. ಹಾಗೆಂದು ತಮ್ಮ ಕುರ್ಚಿಗೆ ದಿಂಬು ಹಾಕಿಸುವುದನ್ನು ಯಾರೂ ತಡೆದಿಲ್ಲ. ಕೊನೆಗೆ ಕರುಣೆಯಿಂದ ಒಂದು ಮಾತು ಹೇಳಿದಿರಿ: "ಚಿಂತೆ ಮಾಡಬೇಡಿ, ಪುನರ್ವಸತಿ ಕಟ್ಟಡದಲ್ಲಿ ಮೂರನೇ ಮಹಡೀಲಿ ಒಂದು ಮನೆ ಕೊಡಿಸ್ತೀನಿ. ಲಿಫ್ಟ್ ಮುಂದೆ ಯಾವಾಗಾದ್ರೂ ಬರುತ್ತೆ." ನನ್ನ ಭಾವನಿಗೆ ಕಣ್ಣಿಲ್ಲ ಎಂದು ಅಷ್ಟರಲ್ಲೇ ಎರಡು ಸಲ ಹೇಳಿದ್ದೆ.

ಆ ಸಂಜೆ ಅಕ್ಕ ಭಾವನಿಗೆ ನಿಜ ಹೇಳಿದಳು, ಆ ಮೂರನೇ ಮಹಡಿಯ ಮಾತನ್ನೂ ಹೇಳಿದಳು. ಮುಚ್ಚಿಟ್ಟುಕೊಳ್ಳಲು ಅವಳಿಂದ ಇನ್ನು ಆಗುತ್ತಿರಲಿಲ್ಲ. ನಾನೂ ಅಲ್ಲೇ ಇದ್ದೆ. ಭಾವ ಮೊದಲು ನಕ್ಕರು. ಮೋರಿಯಲ್ಲಿದ್ದೇವೆ ಅನ್ನು, ಅದಕ್ಕೇ ಇಷ್ಟು ಸೊಳ್ಳೆ ಎಂದು ತಮಾಷೆ ಮಾಡಿದರು. ಆಮೇಲೆ ಕೈ ಚಾಚಿ ಮಂಚದ ಕಾಲನ್ನು ಹಿಡಿದುಕೊಂಡರು. ಹಿಡಿದುಕೊಂಡೇ ಕೇಳಿದರು, "ಅಲ್ಲಿ ಬಚ್ಚಲು ಎಷ್ಟು ಹೆಜ್ಜೆ?" ನಿಮಗೆ ಗೊತ್ತೇ? ನಿಮ್ಮ ತಂತ್ರಾಂಶಕ್ಕೆ?

ಕೋಲು ಕೊಡಿಸಿದ ಮಾತ್ರಕ್ಕೆ ದಾರಿ ಕಾಣುವುದಿಲ್ಲ ಆಯುಕ್ತರೇ, ಇದು ನಮ್ಮ ಮನೆಯಲ್ಲಿ ನಾವು ನೋಡಿ ತಿಳಿದದ್ದು. ನಿವೃತ್ತ ನರ್ಸ್ ಒಬ್ಬಳು ತನ್ನ ಪಿಂಚಣಿಯಲ್ಲಿ, ಕಲಿಸುವವಳಿಗೆ ಕೋಲಿಗಿಂತ ಹೆಚ್ಚು ಕೊಟ್ಟಳು. ಅದನ್ನು ಅವಳು ದುಂದುವೆಚ್ಚ ಎನ್ನಲಿಲ್ಲ. ಇಡೀ ಊರಿನ ತೆರಿಗೆ ಕೈಯಲ್ಲಿಟ್ಟುಕೊಂಡವರಿಗೆ ಇಷ್ಟು ಲೆಕ್ಕ ಹೊಳೆಯಲಿಲ್ಲವೆಂದರೆ ನಾನು ಏನೆನ್ನಲಿ? ಇವತ್ತು ಕಾಲುವೆಗೆ ಬಿದ್ದದ್ದು ಒಂದು ಮನೆ. ಗಿರಣಿಯವನ ಮನೆಗೆ ಬೆಂಕಿ ಬಿದ್ದರೆ ನಿಮ್ಮ ನಕ್ಷೆ ನಂಬಿದ ಅಗ್ನಿಶಾಮಕ ಗಾಡಿ ಶಾಲೆಯ ಮೈದಾನಕ್ಕೆ ಹೋಗಿ ನೀರು ಹಾರಿಸುತ್ತದೆ. ಆಗಲೂ ಮ್ಯಾಪಲ್ಲಿ ಹೀಗೇ ಇದೆ ಎನ್ನುತ್ತೀರಾ?

ನನ್ನ ಬೇಡಿಕೆಗಳು ದೊಡ್ಡವೇನಲ್ಲ. ಈ ವಾರದೊಳಗೆ ನೋಟಿಸನ್ನು ಲಿಖಿತವಾಗಿ ವಾಪಸು ಪಡೆಯಿರಿ. ಅದಕ್ಕೆ ತಂತ್ರಾಂಶ ಬೇಡ, ಒಂದು ಹಾಳೆ ಮತ್ತು ಒಂದು ಪೆನ್ನು ಸಾಕು. ಸಹಿ ಹಾಕುವ ಮೊದಲು, ಸುತ್ತೋಲೆಯನ್ನು ಪಕ್ಕಕ್ಕಿಟ್ಟು, ತಾವೇ ಹತ್ತು ನಿಮಿಷ ನಡೆದು ಬಂದು ಮನೆ ನೋಡಿ. ಹನ್ನೆರಡು ಜನಕ್ಕೂ ಹತ್ತು ದಿನದ ತರಬೇತಿ ಕೊಡಿಸಿ, ಭಾಷಣವಿಲ್ಲದ ತರಬೇತಿ, ಒಬ್ಬೊಬ್ಬರ ಮುಂದೆ ಒಂದೊಂದು ಯಂತ್ರವಿಟ್ಟು, ಅವರಿಗೆ ತಿಳಿಯುವ ಭಾಷೆಯಲ್ಲಿ. ಮೊದಲ ಸಾಲಿನಲ್ಲಿ ದುಂಡಕ್ಷರನನ್ನು ಕೂರಿಸಿ. ಈ ಪತ್ರ ಅಚ್ಚಾದ ಮೇಲೆ ಅವನಿಗೆ ಕಾರಣ ಕೇಳುವ ನೋಟಿಸು ಹೋಗುತ್ತದೆ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಬೇಕಾದರೆ ಬರೆಯಿರಿ ಮೇಡಂ ಎಂದು ಅವನೇ ಹೇಳಿ ಕಳಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಚಾಳಿ ಬಿಡಿ. ತಪ್ಪನ್ನು ಒಪ್ಪಿಕೊಂಡವನು ನಿಮ್ಮ ಕಟ್ಟಡದಲ್ಲಿ ಅವನೊಬ್ಬನೇ.

ಇಷ್ಟೂ ಮಾಡದಿದ್ದರೆ ಏನಾಗುತ್ತದೆ ಎಂದು ನಾನೇ ಹೇಳುತ್ತೇನೆ. ಹತ್ತೊಂಬತ್ತು ದಿನ ಕಳೆದ ಮೇಲೆ ಬೆಳಗ್ಗೆ ನಿಮ್ಮ ಕೆಡವುವ ಯಂತ್ರ ಬರುತ್ತದೆ. ಅದರ ಚಾಲಕ ನಿಮ್ಮ ನಕ್ಷೆ ನೋಡಿಕೊಂಡು ಸೀದಾ ಕಾಲುವೆಯ ಕಟ್ಟೆಗೆ ಹೋಗಿ ನಿಲ್ಲುತ್ತಾನೆ. ಅಲ್ಲಿ ನೀರು, ಪ್ಲಾಸ್ಟಿಕ್ಕು, ಹುಲ್ಲು ಬಿಟ್ಟು ಏನೂ ಇಲ್ಲ. ಅವನು ಇಳಿದು ಬೀದಿಗೆ ಬಂದು, ನಲವತ್ತೇಳನೇ ನಂಬರು ಮನೆ ಎಲ್ಲಿ ಎಂದು ಕೇಳುತ್ತಾನೆ. ನಾನು ಬೀದಿಯವರಿಗೆಲ್ಲ ಹೇಳಿಟ್ಟಿದ್ದೇನೆ. ಸೈಕಲ್ ಅಂಗಡಿಯವನು ಬಾಯಿ ಬಿಡುವುದಿಲ್ಲ, ಗಿರಣಿಯವನು ಬಿಡುವುದಿಲ್ಲ, ಎದುರು ಮನೆಯ ಹೆಂಗಸರು ಕಾಲುವೆ ಕಡೆಗೇ ಕೈ ತೋರಿಸಲು ಒಪ್ಪಿದ್ದಾರೆ. ಒಪ್ಪದವರು ಒಬ್ಬರೇ. ದಿನವೂ ಆ ಹೊತ್ತಿಗೆ ಭಾವ ಬಾಗಿಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿರುತ್ತಾರೆ. ಯಾರು ಬಂದು ಕೇಳಿದರೂ, ಇದೇ ಮನೆ, ಒಳಗೆ ಬನ್ನಿ ಎನ್ನುವುದು ಅವರ ಅಭ್ಯಾಸ. ಆ ಒಂದು ದಿನ ಗೊತ್ತಿಲ್ಲ ಎಂದುಬಿಡಿ ಭಾವ ಎಂದು ಕೈ ಮುಗಿದು ಕೇಳಿಕೊಂಡೆ. ಅವರು ಆಗದೆಂದು ಅಡ್ಡಡ್ಡ ತಲೆಯಾಡಿಸಿದರು.

"ಇರೋ ಮನೇನ ಇಲ್ಲ ಅಂತ ಹೇಗಮ್ಮ ಹೇಳ್ಲಿ?"

ಇಂತಿ,
"ತಮ್ಮ ವಿಧೇಯ" ಎಂದು ಮೂವತ್ತೊಂದು ವರ್ಷ ಮಕ್ಕಳಿಂದ ಟೈಪು ಮಾಡಿಸಿ, ಇವತ್ತು ತನ್ನ ಪತ್ರದಲ್ಲಿ ಅದನ್ನು ಹೊಡೆಯಲು ಬೆರಳು ಬಾರದ
ಒಬ್ಬ ಟೈಪಿಂಗ್ ಟೀಚರು